ಮರ ಎದ್ದು ಬಂದ ದಿನದಿಂದ ಶುರು ಮಾಡಿ

ಪ್ರಿಯ ಬರಹಗಾರರೇ, ನಮಸ್ಕಾರ.

ನೀವು ಕಳಿಸಿದ ‘ದ್ವಿಚಕ್ರ ವಾಹನದಲ್ಲಿ ದಾರು ಸೌಂದರ್ಯ’ ಎಂಬ ಲೇಖನವನ್ನು ಎರಡು ಸಲ ಓದಿದೆ. ನೀವು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್‌ನಲ್ಲಿದ್ದೀರಿ. ಅಲ್ಲಿ 2003ರ ಒಂದು ಹೋಂಡಾ ಗೋಲ್ಡ್ ವಿಂಗ್ ಬೈಕನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದೀರಿ. ಅದರ ಮೀಟರಿನ ಅಕ್ಕಪಕ್ಕ, ಟ್ಯಾಂಕಿನ ಮೇಲೆ, ಹಿಂದಿನ ಪೆಟ್ಟಿಗೆಗಳ ಮೇಲೆ ಕಪ್ಪು ವಾಲ್ನಟ್ ಮರದ ಅಲಂಕಾರದ ತುಂಡುಗಳನ್ನು ಕೈಯಾರೆ ಮಾಡಿ ಕೂರಿಸಿದ್ದೀರಿ. ಎರಡು ಚಳಿಗಾಲ ಗ್ಯಾರೇಜಿನಲ್ಲೇ ಕಳೆದಿದ್ದೀರಿ. ಲೇಖನದ ವಿಷಯ ಇಷ್ಟು.

ನೇರವಾಗಿ ಹೇಳಿಬಿಡುತ್ತೇನೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ‘ಆಗುವುದಿಲ್ಲ’ ಅಂತ ಒಂದು ಸಾಲು ಬರೆದು ಸುಮ್ಮನಾಗಲು ನನಗೆ ಮನಸ್ಸು ಬರಲಿಲ್ಲ. ಯಾಕೆಂದರೆ ಇದರೊಳಗೆ ನಿಜವಾಗಿಯೂ ಒಳ್ಳೆಯ ಲೇಖನವೊಂದಿದೆ. ಅದು ಎಂಟನೇ ಪುಟದ ನಡುವೆ ಸಿಕ್ಕಿಕೊಂಡಿದೆ. ನಿಮ್ಮದೇ ಸಾಲುಗಳನ್ನು ಮತ್ತೆ ನಿಮ್ಮ ಮುಂದಿಡುತ್ತೇನೆ:

‘ಆಗಸ್ಟ್‌ನಲ್ಲಿ ಒಂದು ದಿನ ಆಫೀಸಿನ ಹೊರಗೆ ಬೈಕ್ ಬಿಸಿಲಲ್ಲಿ ನಿಲ್ಲಿಸಿದ್ದೆ. ಸಂಜೆ ಬಂದು ನೋಡಿದರೆ ಮೀಟರಿನ ಬಲಗಡೆಯ ತುಂಡು ಒಂದು ತುದಿಯಲ್ಲಿ ಎದ್ದಿತ್ತು. ಬೆರಳು ಇಟ್ಟೆ. ಟಕ್ ಅಂತ ಕಿತ್ತು ಕೈಗೆ ಬಂತು. ಹಿಂದೆ ಅಂಟು ಗಾಜಿನ ಹಾಗೆ ಹೊಳೆಯುತ್ತಿತ್ತು. ಮೂರು ವಾರದ ಕೆಲಸ ಅಂಗೈ ಮೇಲೆ ಇತ್ತು.’

ಇದನ್ನು ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮುಂದೇನಾಯಿತು ಅಂತ ಪುಟ ತಿರುಗಿಸಿದರೆ, ನೀವು ಬರೆದಿರುವುದು ಒಂದೇ ವಾಕ್ಯ: ‘ತದನಂತರ ಸದರಿ ಸಮಸ್ಯೆಯನ್ನು ಪರಿಹರಿಸಲಾಯಿತು.’ ಯಾರು ಪರಿಹರಿಸಿದರು? ನೀವೇ ಅಲ್ವಾ? ಹೇಗೆ? ಎಷ್ಟು ದಿನ ಹಿಡಿಯಿತು? ಆ ಸಂಜೆ ಮನೆಗೆ ಹೋಗಿ ಏನು ಮಾಡಿದಿರಿ? ನಾನು ಓದಬೇಕು ಅಂದುಕೊಂಡಿದ್ದೆಲ್ಲ ಆ ಒಂದು ವಾಕ್ಯದೊಳಗೆ ಹೂತುಹೋಗಿದೆ.

ಉತ್ತರ ಕೊನೆಗೆ ಸಿಕ್ಕಿತು, ಫೋಟೋಗಳ ಕೆಳಗಿನ ಸಣ್ಣ ಅಕ್ಷರಗಳಲ್ಲಿ. ಮೊದಲ ತುಂಡು 5 ಮಿಲಿಮೀಟರ್ ದಪ್ಪದ ಗಟ್ಟಿ ಮರ, ಎಪಾಕ್ಸಿ ಎಂಬ ಗಟ್ಟಿ ಅಂಟು ಹಾಕಿ ಅಂಟಿಸಿದ್ದು. ಎರಡನೆಯದು ಅದೇ ರೀತಿ, ಅಂಟು ಮಾತ್ರ ಜಾಸ್ತಿ. ಅದು ಕಿತ್ತು ಬರಲಿಲ್ಲ, ನಡುವೆ ಸೀಳಿತು. ಮೂರನೆಯದು ಬಗ್ಗಿಸುವಾಗಲೇ ಮುರಿಯಿತು. ನಾಲ್ಕನೆಯದರಲ್ಲಿ 0.6 ಮಿಲಿಮೀಟರ್‌ನ ಮೂರು ಮರದ ಹಾಳೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಕೂರಿಸಿ, ಬೈಕಿನ ಪ್ಲಾಸ್ಟಿಕ್ ಭಾಗವನ್ನೇ ಅಚ್ಚಾಗಿ ಇಟ್ಟುಕೊಂಡು ಮರಳಿನ ಚೀಲದಿಂದ ಒತ್ತಿ ಒಣಗಿಸಿದ್ದೀರಿ. ಆಮೇಲೆ ಎಪಾಕ್ಸಿ ಬಿಟ್ಟು, ಸ್ವಲ್ಪ ಜಗ್ಗುವ ಫೋಮ್ ಟೇಪ್‌ನಲ್ಲಿ ಅಂಟಿಸಿದ್ದೀರಿ. ಅದು ಮೂರು ಬೇಸಿಗೆ ಕಂಡಿದೆ, ಇನ್ನೂ ಗಟ್ಟಿಯಾಗಿದೆ. ಈ ನಾಲ್ಕು ತುಂಡುಗಳೇ ನಿಮ್ಮ ಲೇಖನ. ಅವುಗಳನ್ನು ಫೋಟೋ ಅಡಿಯಿಂದ ಎತ್ತಿ ಮೇಲಕ್ಕೆ ತನ್ನಿ.

ಮೊದಲನೆಯದು ಯಾಕೆ ಸೋತಿತು ಅಂತ ನೀವು ಎಲ್ಲೂ ಹೇಳಿಲ್ಲ. ನಿಮಗೆ ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ. ನಾಲ್ಕನೇ ತುಂಡನ್ನು ಮಾಡಿದ ಕೈಗೆ ಅದು ಗೊತ್ತೇ ಇರುತ್ತದೆ. ನಾನು ಹುಡುಗನಾಗಿದ್ದಾಗ ನಮ್ಮ ಮನೆಯ ಬಾಗಿಲು ಮಾಡಲು ಬಂದ ಆಚಾರರು ಹಲಗೆಯನ್ನು ಚೌಕಟ್ಟಿನ ತೋಡಿಗೆ ಕೂರಿಸುವಾಗ ಎರಡೂ ಪಕ್ಕ ಅರ್ಧ ನೂಲು ಸಡಿಲ ಬಿಟ್ಟರು. ಅಂಟು ಹಾಕಲಿಲ್ಲ, ಮೊಳೆಯನ್ನೂ ಹೊಡೆಯಲಿಲ್ಲ. ಸಡಿಲ ಯಾಕೆ ಅಂತ ನಮ್ಮ ಅಪ್ಪ ಕೇಳಿದ್ದಕ್ಕೆ, ‘ಮಳೆಗಾಲದಲ್ಲಿ ಉಸಿರಾಡ್ಬೇಕಲ್ಲ ಸ್ವಾಮಿ’ ಅಂದರು. ಮರ ಉದ್ದಕ್ಕೆ ಹೆಚ್ಚೂಕಡಿಮೆ ಅಲುಗುವುದೇ ಇಲ್ಲ. ಅದರ ಆಟವೆಲ್ಲ ಅಡ್ಡಕ್ಕೆ. ಹಸಿ ವಾಲ್ನಟ್ ಪೂರ್ತಿ ಒಣಗುವಾಗ, ಕೊಯ್ದ ರೀತಿಯನ್ನು ಅವಲಂಬಿಸಿ, ಅಡ್ಡಕ್ಕೆ ಶೇಕಡಾ 5ರಿಂದ 8ರಷ್ಟು ಕುಗ್ಗುತ್ತದೆ. ಒಣಗಿದ ಮೇಲೂ ಹವೆಯ ತೇವಕ್ಕೆ ತಕ್ಕಂತೆ ಉಬ್ಬುತ್ತಾ ಕುಗ್ಗುತ್ತಾ ಇರುತ್ತದೆ. ಬಿಸಿಲಿಗೆ ನಿಂತ ಬೈಕಿನಲ್ಲಿ ಇನ್ನೂ ಒಂದು ತೊಂದರೆ ಇದೆ. ಕಾದ ಪ್ಲಾಸ್ಟಿಕ್ ಹಿಗ್ಗುತ್ತದೆ. ಅದೇ ಬಿಸಿಲಿಗೆ ತೇವ ಕಳೆದುಕೊಂಡ ಮರ ಕುಗ್ಗುತ್ತದೆ. ಒಂದು ಆ ಕಡೆ ಎಳೆದರೆ ಇನ್ನೊಂದು ಈ ಕಡೆ. ನಡುವೆ ಸಿಕ್ಕ ಗಟ್ಟಿ ಅಂಟಿಗೆ ಬಗ್ಗಲು ಬರುವುದಿಲ್ಲ. ಹಾಗಾಗಿ ಅದು ಬಿಟ್ಟುಕೊಟ್ಟಿತು. ಎರಡನೇ ಸಲ ಅಂಟು ಬಿಡಲಿಲ್ಲ, ಅದಕ್ಕೇ ಮರ ಸೀಳಿತು. ಹಾಳೆಗಳನ್ನು ಅಡ್ಡಡ್ಡ ಇಟ್ಟಾಗ ಒಂದರ ಆಟವನ್ನು ಇನ್ನೊಂದು ತಡೆಹಿಡಿಯಿತು. ಟೇಪು ಉಳಿದ ಎಳೆತವನ್ನು ನುಂಗಿಕೊಂಡಿತು. ಇದನ್ನು ನಿಮ್ಮ ಮಾತಿನಲ್ಲಿ, ನಿಮಗೆ ಹೊಳೆದ ಹೊತ್ತಿನಲ್ಲಿ ಹೊಳೆದ ಹಾಗೆಯೇ ಬರೆಯಿರಿ. ಬೈಕ್ ಓಡಿಸದವರೂ ಓದುತ್ತಾರೆ. ಎಲ್ಲರ ಮನೆಯಲ್ಲೂ ಮಳೆಗಾಲಕ್ಕೆ ಬಿಗಿಯುವ ಒಂದು ಬಾಗಿಲು ಇದ್ದೇ ಇರುತ್ತದೆ.

ಇನ್ನು ಭಾಷೆ. ಇಲ್ಲಿ ಸ್ವಲ್ಪ ಕಟುವಾಗಿ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಹನ್ನೊಂದು ಕಡೆ ‘ಮರದ ಧಾನ್ಯ’ ಅಂತ ಬರೆದಿದ್ದೀರಿ. ಮರದಲ್ಲಿ ಧಾನ್ಯ ಬೆಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಆ ಎರಡಕ್ಕೂ ಒಂದೇ ಶಬ್ದ. ಕನ್ನಡದಲ್ಲಿ ಅದು ಎಳೆ. ‘ಎಳೆ ನೋಡಿ ಕೊಯ್ಯಿ’, ‘ಎಳೆಗೆ ಎದುರಾಗಿ ಹತ್ತರಿ ಹೊಡೆಯಬೇಡ’ ಅಂತ ಆಚಾರರು ಹೇಳುವುದನ್ನು ನೀವು ಊರಿನಲ್ಲಿ ಕೇಳಿಯೇ ಇರುತ್ತೀರಿ. ಮರದ ನಡುವಿನ ಗಟ್ಟಿ ಭಾಗಕ್ಕೆ ನೀವು ‘ಹೃದಯಕಾಷ್ಠ’ ಅಂದಿದ್ದೀರಿ, ಅದಕ್ಕೆ ಚೇಗು ಅನ್ನುವ ಚಂದದ ಮಾತಿದೆ. ‘ಮರಳುಕಾಗದ’ ಅಂದರೆ ಯಾವ ಹಾರ್ಡ್‌ವೇರ್ ಅಂಗಡಿಯವರಿಗೂ ಗೊತ್ತಾಗುವುದಿಲ್ಲ, ಸ್ಯಾಂಡ್ ಪೇಪರ್ ಅನ್ನಿ. ಕ್ಲ್ಯಾಂಪ್, ಪಾಲಿಶ್, ವಿನಿಯರ್ ಇವೆಲ್ಲ ನಮ್ಮ ಮಾತುಗಳೇ ಆಗಿವೆ, ಧಾರಾಳವಾಗಿ ಬಳಸಿ. ಮರಕ್ಕೆ ‘ದಾರು’ ಅನ್ನುವುದು ಮಾತ್ರ ಬೇಡ. ಊರಿನಲ್ಲಿ ನಿಮ್ಮ ಅಮ್ಮನಿಗೆ ಫೋನಿನಲ್ಲಿ ಈ ಕೆಲಸವನ್ನು ಹೇಗೆ ವಿವರಿಸಿದಿರೋ, ಹಾಗೆ ಬರೆಯಿರಿ. ಅಲ್ಲಿ ಒಂದು ಸಲವೂ ‘ದಾರು’ ಅಂದಿರಲಿಕ್ಕಿಲ್ಲ.

ಮೊದಲ ಮೂರು ಪುಟ ಮೋಟಾರ್ ಸೈಕಲ್‌ಗಳ ಚರಿತ್ರೆ. ಪೂರ್ತಿ ತೆಗೆಯಿರಿ. ಇದು ಯಾರು ಬೇಕಾದರೂ ಎಲ್ಲಿಂದ ಬೇಕಾದರೂ ಎತ್ತಿ ಬರೆಯಬಹುದಾದ ಭಾಗ. ಅಷ್ಟು ಚರಿತ್ರೆ ಬರೆದೂ, ನಿಮಗೆ ಬೇಕಾಗಿದ್ದ ಒಂದೇ ಸಂಗತಿಯನ್ನು ಬಿಟ್ಟಿದ್ದೀರಿ. 1885ರಲ್ಲಿ ಜರ್ಮನಿಯಲ್ಲಿ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಮಾಡಿದ ಪೆಟ್ರೋಲ್ ಬೈಕಿನ ಚೌಕಟ್ಟೂ ಮರದ್ದು, ಚಕ್ರಗಳೂ ಮರದವು. ಮೋಟಾರ್ ಸೈಕಲ್ ಹುಟ್ಟಿದ್ದೇ ಮರದಲ್ಲಿ! ಇಂಜಿನ್ ಸೀಟಿನ ಕೆಳಗೇ ಇದ್ದದ್ದರಿಂದ ಮೊದಲ ಸವಾರಿಯಲ್ಲಿ ಸೀಟಿಗೆ ಬೆಂಕಿ ಹತ್ತಿಕೊಂಡಿತು ಅಂತಲೂ ಹೇಳುತ್ತಾರೆ. ಶಾಖಕ್ಕೂ ಮರಕ್ಕೂ ಇರುವ ಜಗಳ ಅಲ್ಲಿಂದಲೇ ಬಂದದ್ದು. ಈ ಎರಡು ಸಾಲನ್ನು ನಿಮ್ಮ ಮೊದಲ ತುಂಡು ಕಿತ್ತು ಬಂದ ಜಾಗದಲ್ಲಿ ಇಟ್ಟರೆ ಸಾಕು.

ಇನ್ನೊಂದು ಸಂಗತಿಯನ್ನು ನೀವು ಕಾಲಡಿಯಲ್ಲೇ ಇಟ್ಟುಕೊಂಡು ನೋಡಿಲ್ಲ. ಬೈಕಿನ ಚಾಸಿಸ್ ನಂಬರ್ ತೆಗೆದು ನೋಡಿ. ಅದು 1ರಿಂದ ಶುರುವಾಗಿದ್ದರೆ ಅಮೆರಿಕದಲ್ಲಿ ಮಾಡಿದ್ದು. ಗೋಲ್ಡ್ ವಿಂಗ್ ಬೈಕ್‌ಗಳು 1980ರಿಂದ 2009ರವರೆಗೆ ಓಹಾಯೋದ ಮೇರಿಸ್‌ವಿಲ್‌ನಲ್ಲೇ ತಯಾರಾಗುತ್ತಿದ್ದವು. ಅದು ನಿಮ್ಮ ಮನೆಯಿಂದ ಒಂದು ಗಂಟೆಯ ದಾರಿಯೂ ಅಲ್ಲ. ಕಪ್ಪು ವಾಲ್ನಟ್ ಕೂಡ ಅದೇ ಸೀಮೆಯ ಕಾಡುಮರ. ನಿಮಗೆ ಸಿಕ್ಕ ಹಲಗೆ ಹತ್ತಿರದ ರೈತರೊಬ್ಬರ ಹೊಲದಲ್ಲಿ ಗಾಳಿಗೆ ಬಿದ್ದ ಮರದ್ದು ಅಂತ ಒಂದು ಕಡೆ ಹೇಳಿದ್ದೀರಿ. ಒಂದೇ ಊರಿನ ಸುತ್ತಲಿನ ಮರ, ಯಂತ್ರ ಎರಡನ್ನೂ ದೂರದಿಂದ ಬಂದ ನೀವು ನಿಮ್ಮ ಗ್ಯಾರೇಜಿನಲ್ಲಿ ಜೋಡಿಸಿದ್ದೀರಿ. ಇದನ್ನು ನೀವು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಅಳತೆ ತೆಗೆದ ಭಾಗ ಚೆನ್ನಾಗಿದೆ, ಆದರೆ ಓಡಿಸಿಕೊಂಡು ಹೋಗಿದ್ದೀರಿ. ಪ್ಲಾಸ್ಟಿಕ್ ಮೇಲೆ ಮಾಸ್ಕಿಂಗ್ ಟೇಪ್ ಒತ್ತೊತ್ತಾಗಿ ಅಂಟಿಸಿ, ಅಂಚಿನ ಮೇಲೆ ಪೆನ್ಸಿಲ್ ಉಜ್ಜಿ, ಪೂರ್ತಿ ಟೇಪನ್ನು ಒಂದೇ ಹಾಳೆಯಾಗಿ ಬಿಡಿಸಿ ರಟ್ಟಿನ ಮೇಲೆ ಹಾಸಿದಾಗ, ಅದು ಸಪಾಟಾಗಿ ಕೂರದೆ ಒಂದು ಮೂಲೆಯಲ್ಲಿ ಸುಕ್ಕಾಯಿತು ಅಂದಿರಿ. ಆ ಸುಕ್ಕಿನ ಹತ್ತಿರ ನಿಲ್ಲಿ. ಒಂದೇ ಕಡೆ ಬಾಗಿದ ಜಾಗಕ್ಕೆ ಹಾಳೆ ಸುತ್ತಬಹುದು. ಎರಡು ಕಡೆಗೂ ಬಾಗಿದ ಜಾಗಕ್ಕೆ ಆಗುವುದಿಲ್ಲ. ತೆಂಗಿನ ಚಿಪ್ಪಿಗೆ ಕಾಗದ ಅಂಟಿಸಿ ನೋಡಿದವರಿಗೆ ಇದು ಗೊತ್ತು. ರವಿಕೆಗೆ ಟೈಲರ್ ಟಕ್ಸ್ ಹಿಡಿಯುವ ಹಾಗೆ ನೀವು ಆ ಮೂಲೆಯಲ್ಲಿ ಮರದ ಹಾಳೆಗೆ ಸಣ್ಣ ತ್ರಿಕೋನ ಕತ್ತರಿಸಿ ಕೂಡಿಸಿದ್ದೀರಿ. ಫೋಟೋದಲ್ಲಿ ಆ ಗೆರೆ ಎಳೆಯ ಜೊತೆ ಸೇರಿಹೋಗಿದೆ. ನಾನು ದೊಡ್ಡದು ಮಾಡಿ ಹುಡುಕಿದ ಮೇಲೆ ಕಂಡಿತು. ಇಂಥ ಕೆಲಸ ಮಾಡಿದವರು ಅದನ್ನು ‘ಸೂಕ್ತವಾಗಿ ಕತ್ತರಿಸಿ’ ಎಂಬ ಎರಡು ಪದದಲ್ಲಿ ಮುಗಿಸಬಾರದು.

ಸ್ಯಾಂಡ್ ಪೇಪರಿನ ನಂಬರುಗಳ ಪಟ್ಟಿ, 120, 180, 220, ಒಂದೇ ವಾಕ್ಯಕ್ಕೆ ಇಳಿಸಬಹುದು. ಆದರೆ ಒದ್ದೆ ಬಟ್ಟೆಯಿಂದ ಒರೆಸಿದಾಗ ಮಾಸಿದ ಕಂದು ಬಣ್ಣದ ತುಂಡು ಒಂದು ಕ್ಷಣ ಗಾಢವಾಗಿ ಎಳೆ ತೋರಿಸಿ, ಒಣಗುತ್ತಲೇ ಮತ್ತೆ ಮಂಕಾದ ಸಾಲು ಹಾಗೇ ಇರಲಿ. ಬಿಸಿಲಿಗೆ ವಾಲ್ನಟ್ ಬಣ್ಣ ವರ್ಷ ಕಳೆದಂತೆ ತಿಳಿಯಾಗುತ್ತಾ ಹೋಗುತ್ತದೆ. ನಿಮ್ಮದು ಈಗ ಯಾವ ಬಣ್ಣಕ್ಕೆ ಬಂದಿದೆ ಅಂತಲೂ ಹೇಳಿ. ನೀವು ಟ್ಯಾಂಕ್ ಅಂದಿರುವುದು ನಿಜವಾದ ಟ್ಯಾಂಕ್ ಅಲ್ಲ ಅಂತ ತಿದ್ದಿಕೊಳ್ಳಿ. ಗೋಲ್ಡ್ ವಿಂಗ್‌ನಲ್ಲಿ ಟ್ಯಾಂಕ್ ಸೀಟಿನ ಕೆಳಗಿದೆ, ಮೇಲಿರುವುದು ಬರೀ ಕವಚ. ಪೆಟ್ರೋಲ್ ಹಾಕುವ ಬಾಯಿ ಮಾತ್ರ ಅಲ್ಲೇ ಇರುವುದರಿಂದ, ಪಾಲಿಶ್ ಮೇಲೆ ಪೆಟ್ರೋಲ್ ಹನಿ ಬಿದ್ದಾಗ ಏನಾಯಿತು ಅಂತ ಓದುಗರು ಖಂಡಿತ ಕೇಳುತ್ತಾರೆ.

ಮೂರು ಕಡೆ ತಪ್ಪು ಮಾಹಿತಿ ಇದೆ. ಇವುಗಳ ವಿಷಯದಲ್ಲಿ ರಾಜಿ ಇಲ್ಲ, ಯಾಕೆಂದರೆ ನಂಬಿ ಮಾಡಿದವರಿಗೆ ಹಾನಿಯಾಗುತ್ತದೆ. ‘ಉಳಿದ ಮರದ ಹೊಟ್ಟನ್ನು ಹತ್ತಿರದ ಕುದುರೆ ಲಾಯಕ್ಕೆ ಹಾಸಲು ಕೊಡಬಹುದು’ ಅಂದಿದ್ದೀರಿ. ದಯವಿಟ್ಟು ಇವತ್ತೇ ಅಳಿಸಿ. ಕಪ್ಪು ವಾಲ್ನಟ್ ಹೊಟ್ಟಿನ ಮೇಲೆ ನಿಂತ ಕುದುರೆಗಳಿಗೆ ಕಾಲು ಊದಿ, ಗೊರಸಿನೊಳಗೆ ಉರಿಯೂತವಾಗಿ ನಡೆಯಲು ಆಗದಂತಾಗುತ್ತದೆ. ಈಗಾಗಲೇ ಯಾರಿಗಾದರೂ ಕೊಟ್ಟಿದ್ದರೆ ಮೊದಲು ಅವರಿಗೆ ಫೋನ್ ಮಾಡಿ, ಲೇಖನ ಆಮೇಲೆ. ಎರಡನೆಯದು, ಮರಕ್ಕೆ ಹಚ್ಚಿದ ಅಗಸೆ ಎಣ್ಣೆಯ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದೆ ಅಂದಿದ್ದೀರಿ. ಆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗಿನ ಬಿಸಿ ಹೊರಗೆ ಹೋಗದೆ ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಬೇಕು. ಮೂರನೆಯದು, ‘ಯಾವ ಗೋಲ್ಡ್ ವಿಂಗ್‌ಗಾದರೂ ಇದೇ ರೀತಿ ಮಾಡಬಹುದು’ ಎಂಬ ಮಾತು. 2006ರಿಂದ ಈ ಬೈಕಿನ ಕೆಲವು ಮಾದರಿಗಳಲ್ಲಿ ಏರ್‌ಬ್ಯಾಗ್ ಇದೆ. ಅದರ ಮುಚ್ಚಳದ ಮೇಲಾಗಲಿ ಅಂಚಿನಲ್ಲಾಗಲಿ ಮರ ಅಂಟಿಸಿದರೆ, ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಆ ತುಂಡು ಸವಾರನ ಎದೆಗೇ ಹಾರಬಹುದು. ನಿಮ್ಮ ಬೈಕಿನಲ್ಲಿ ಅದು ಇಲ್ಲ, ಓದುಗರ ಬೈಕಿನಲ್ಲಿ ಇರಬಹುದು.

ಕೊನೆಯಲ್ಲಿ ‘ಮುಂದಿನ ಸಲ ಊರಿಂದ ಸೂಟ್‌ಕೇಸಿನಲ್ಲಿ ಬೀಟೆ ತುಂಡು ತರುತ್ತೇನೆ’ ಅಂದಿದ್ದೀರಿ. ಆಸೆ ಅರ್ಥವಾಗುತ್ತದೆ. ಆದರೆ ನಮ್ಮಲ್ಲಿ ಸ್ವಂತ ಜಮೀನಿನ ಬೀಟೆ ಕಡಿಯುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. 2017ರ ಜನವರಿಯಿಂದ ಬೀಟೆಯ ಕುಲಕ್ಕೆ ಸೇರಿದ ಎಲ್ಲ ಮರಗಳೂ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣದ ಪಟ್ಟಿಯಲ್ಲಿವೆ. ಆ ಸಾಲು ಹೋಗಲಿ. ಅದರ ಬದಲು, ವಾಲ್ನಟ್ ಚೇಗಿನ ಬಣ್ಣ ನೋಡಿ ನಿಮಗೆ ಮನೆಯ ಯಾವ ಬೀಟೆ ಸಾಮಾನು ನೆನಪಾಯಿತು ಅಂತ ಬರೆಯಿರಿ. ಮಂಚವೋ, ಪೆಟ್ಟಿಗೆಯೋ, ಅಜ್ಜನ ಕುರ್ಚಿಯೋ? ಏನೂ ನೆನಪಾಗದಿದ್ದರೆ ಬರೆಯಬೇಡಿ.

ಈಗಿರುವ ಎರಡು ಸಾವಿರ ಪದಗಳನ್ನು ಪಕ್ಕಕ್ಕಿಡಿ. ತಿದ್ದಲು ಹೋಗಬೇಡಿ, ಹೊಸದಾಗಿ ಬರೆಯಿರಿ. ಸಾವಿರದ ಇನ್ನೂರು ಪದ ಸಾಕು. ಮೊದಲ ಸಾಲು ಆಫೀಸಿನ ಹೊರಗಿನ ಆ ಬಿಸಿಲೇ ಇರಲಿ. ತಿಂಗಳೊಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ, ಒಂದೊಂದು ಸಾಲಿನ ಬಗ್ಗೆಯೂ ಮಾತಾಡೋಣ. ಫೋಟೋಗಳಲ್ಲಿ ಬೈಕಿನ ಮುಂದೆ ನೀವು ನಿಂತಿರುವುದು ಬೇಡ. ನಾಲ್ಕನೇ ತುಂಡಿನ ಹಿಂಭಾಗ ಬೇಕು, ಪದರಗಳು ಕಾಣುವ ಹಾಗೆ. ಎರಡನೇ ಸಲ ಸೀಳಿದ ತುಂಡನ್ನು ಎಸೆದಿಲ್ಲ ತಾನೇ? ಅದನ್ನೂ ಕಿಟಕಿಯ ಬೆಳಕಿನಲ್ಲಿ ಹಿಡಿದು ಒಂದು ಫೋಟೋ ತೆಗೆದು ಕಳಿಸಿ.

ವಿಶ್ವಾಸದಿಂದ,
ಸಂಪಾದಕ