ದುಡ್ಡು ಕೊಟ್ಟರೆ ಮಾತ್ರ ಪುಸ್ತಕ ಓದುತ್ತಾಳೆ, ಏನು ಮಾಡಲಿ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಮೊದಲೆಲ್ಲ ಕಥೆಪುಸ್ತಕ ಸಿಕ್ಕರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಇನ್ನೂ ಜಾಸ್ತಿ ಓದಲಿ ಅಂತ ಬೇಸಿಗೆ ರಜೆಯಲ್ಲಿ ಪುಸ್ತಕಕ್ಕೆ 10 ರೂಪಾಯಿ ಕೊಡಲು ಶುರು ಮಾಡಿದೆ. ಈಗ ತೆಳ್ಳಗಿನ ಪುಸ್ತಕಗಳನ್ನೇ ಹುಡುಕುತ್ತಾಳೆ. ದುಡ್ಡಿಲ್ಲ ಅಂದರೆ ಮುಟ್ಟುವುದಿಲ್ಲ. ನಾನೇ ಕೆಡಿಸಿಬಿಟ್ಟೆನಾ?
– ಒಬ್ಬ ತಾಯಿ, ಹಾಸನ

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ಇದು ಸರಿಹೋಗುತ್ತದೆ. ತೆಳ್ಳಗಿನ ಪುಸ್ತಕ ಹುಡುಕುವುದು ಕಳ್ಳಾಟವಲ್ಲ. ನೀವು ಪುಸ್ತಕದ ಲೆಕ್ಕದಲ್ಲಿ ದುಡ್ಡು ಕೊಟ್ಟಿರಿ, ಅವಳೂ ಅದೇ ಲೆಕ್ಕ ಹಿಡಿದಳು, ಅಷ್ಟೇ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು, ಬಹುಮಾನ ಕೊಟ್ಟರೆ ಮಕ್ಕಳ ಆಸಕ್ತಿ ಏನಾಗುತ್ತದೆ ಅಂತ ಪರೀಕ್ಷೆ ಮಾಡಿದ್ದರು. ಅದು 1973ರಲ್ಲಿ ಪ್ರಕಟವಾಯಿತು. ಸ್ಕೆಚ್ ಪೆನ್ನಿನಲ್ಲಿ ಚಿತ್ರ ಬರೆಯುವುದು ಇಷ್ಟವಿದ್ದ ಪುಟ್ಟ ಮಕ್ಕಳನ್ನೇ ಆರಿಸಿಕೊಂಡರು. ಕೆಲವರಿಗೆ, ಬರೆದರೆ ಚಿನ್ನದ ಬಣ್ಣದ ನಕ್ಷತ್ರ, ರಿಬ್ಬನ್ ಇರುವ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರದ ನಂತರ ಪೆನ್ನುಗಳನ್ನು ಸುಮ್ನೆ ಮೇಜಿನ ಮೇಲಿಟ್ಟು ನೋಡಿದರು. ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಬಹುಮಾನ ಪಡೆದವರ ಆಸಕ್ತಿ ಕುಗ್ಗಿರಲಿಲ್ಲ. ಅಂದರೆ ಬಹುಮಾನಕ್ಕಿಂತ, ‘ಇದು ಮಾಡಿದರೆ ಅದು’ ಎಂಬ ಕರಾರೇ ತೊಂದರೆ ಕೊಟ್ಟಿದ್ದು. ‘ನಾನು ಇದನ್ನು ಮಾಡ್ತಿರೋದು ಅದಕ್ಕೋಸ್ಕರ’ ಅಂತ ಮಗುವಿಗೆ ಅನಿಸಿಬಿಡುತ್ತದೆ.

ಹಾಗಂತ ಎಲ್ಲ ಬಹುಮಾನವೂ ಕೆಟ್ಟದ್ದಲ್ಲ. ಬ್ಯಾಗು ಜೋಡಿಸುವುದು, ಮಗ್ಗಿ ಬಾಯಿಪಾಠ ಮಾಡುವುದು ಇಂಥ ಬೇಜಾರಿನ ಕೆಲಸಕ್ಕೆ ಶುರುವಿನಲ್ಲಿ ಚಿಕ್ಕ ಆಮಿಷ ಇದ್ದರೆ ನಷ್ಟವಿಲ್ಲ. ಅಲ್ಲಿ ಕಳೆದುಕೊಳ್ಳಲು ಆಸಕ್ತಿಯೇ ಇರುವುದಿಲ್ಲವಲ್ಲ.

ಈಗ ಅವಳಿಗೆ ಬರಬೇಕಾದ ದುಡ್ಡು ಬಾಕಿ ಇದ್ದರೆ ಕೊಟ್ಟುಬಿಡಿ. ಆಮೇಲೆ ಕೂರಿಸಿಕೊಂಡು, ‘ಈ ಲೆಕ್ಕ ಶುರು ಮಾಡಿದ್ದು ಅಮ್ಮನ ತಪ್ಪು ಪುಟ್ಟಿ, ಇನ್ನು ಬೇಡ’ ಅಂತ ನೇರವಾಗಿ ಹೇಳಿ. ಪಾಕೆಟ್ ಮನಿ ಕೊಡುವುದಾದರೆ ಓದಿಗೆ ಗಂಟು ಹಾಕದೆ ಕೊಡಿ. ರಾತ್ರಿ ಮಲಗುವಾಗ ನೀವೇ ಒಂದು ಕಥೆ ಓದಿ ಹೇಳಿ. ಪುಸ್ತಕ ಅವಳೇ ಆರಿಸಲಿ, ಓದಿದ ಪುಸ್ತಕಗಳನ್ನೇ ಮತ್ತೆ ತಂದರೂ ಬೇಡ ಅನ್ನಬೇಡಿ. ‘ಎಷ್ಟು ಪುಟ ಆಯ್ತು?’ ಅಂತ ಕೇಳಬೇಡಿ. ‘ಆ ನರಿ ಕೊನೆಗೆ ಏನಾಯ್ತು?’ ಅಂತ ಕೇಳಿ. ಕೆಲವು ವಾರ ಅವಳು ತಾನಾಗಿ ಪುಸ್ತಕ ಮುಟ್ಟದೇ ಇರಬಹುದು. ಆಗ ಮತ್ತೆ ಹತ್ತು ರೂಪಾಯಿ ತೆಗೆಯಬೇಡಿ, ದಯವಿಟ್ಟು.