ಹದಿಹರೆಯದವರ ಕ್ಲಾಸಿಕಲ್ ನಾಟಕ ತಂಡದ ಆಡಿಷನ್‌ಗೆ ಹೇಗೆ ತಯಾರಾಗಬೇಕು? ಅಲ್ಲಿ ಏನು ನೋಡುತ್ತಾರೆ?

ನಿಮಗೆ 15 ವರ್ಷ. ಕ್ಲಾಸಿಕಲ್ ನಾಟಕ, ಅಂದರೆ ಶೇಕ್ಸ್‌ಪಿಯರ್, ಪ್ರಾಚೀನ ಗ್ರೀಕರಂಥವರ ಹಳೆಯ ನಾಟಕ ಆಡುವ ತಂಡಕ್ಕೆ ಆಡಿಷನ್ ಕೊಡುತ್ತಿದ್ದೀರಿ. ಶೇಕ್ಸ್‌ಪಿಯರ್‌ನ ಪದ್ಯದ ಮಾತು (ಒಂದು ಪಾತ್ರ ಒಂದೇ ಸಮನೆ ಆಡುವ ಮೊನೊಲಾಗ್), ಎರಡು ನಿಮಿಷದೊಳಗೆ, ಬಾಯಿಪಾಠ ಮಾಡಿಕೊಂಡು ಬನ್ನಿ ಅಂದಿದ್ದಾರೆ. ಶಾಲೆಯ ನಾಟಕ ಬಿಟ್ಟರೆ ಬೇರೆ ಅನುಭವ ಇಲ್ಲ. ಯಾವ ಮಾತು ಆರಿಸಲಿ, ಬಂದವರೆಲ್ಲ ನನಗಿಂತ ಪಳಗಿದವರಾಗಿದ್ದರೆ ಏನು ಗತಿ ಅಂತ ಕೇಳಿದ್ದೀರಿ. ನಾನು ಈ ವಯಸ್ಸಿನವರಿಗೆ ನಾಟಕ ಕಲಿಸುತ್ತೇನೆ. ಇಂಥ ಆಡಿಷನ್‌ಗಳಲ್ಲಿ ಮೇಜಿನ ಆ ಕಡೆ ಕೂತವರಲ್ಲಿ ನಾನೂ ಒಬ್ಬಳು. ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ.

ಎರಡನೇ ಪ್ರಶ್ನೆ ಮೊದಲು. ಪಳಗಿದವರು ಬಂದೇ ಬರುತ್ತಾರೆ, ಬರಲಿ. ಎಲ್ಲರಿಗಿಂತ ಚೆನ್ನಾಗಿ ಅಭಿನಯಿಸುವವರು ಯಾರು ಅಂತ ನಾವು ಹುಡುಕುವುದಿಲ್ಲ. ತಂಡ ಅಂದರೆ ತಿಂಗಳುಗಟ್ಟಲೆ ಒಂದೇ ಕೋಣೆಯಲ್ಲಿ ತಾಲೀಮು. ಹೇಳಿದ್ದು ಇವರ ಕಿವಿಗೆ ಬೀಳುತ್ತದಾ, ಬಿದ್ದಮೇಲೆ ಏನಾದರೂ ಬದಲಾಗುತ್ತದಾ, ಕೈಯಲ್ಲಿರುವ ಮಾತಿನ ಅರ್ಥ ಇವರಿಗೆ ಗೊತ್ತಾ? ನಮ್ಮ ಗಮನ ಇರುವುದು ಇಷ್ಟರ ಮೇಲೆ. ಒಂದೇ ಥರ ಗಟ್ಟಿಮಾಡಿಕೊಂಡು ಬಂದ ಅದ್ಭುತ ಅಭಿನಯಕ್ಕಿಂತ, ಅರ್ಥ ಬಿಡಿಸಿಕೊಂಡು ಬಂದ ಸಾಧಾರಣ ಅಭಿನಯದ ಜೊತೆ ಕೆಲಸ ಮಾಡುವುದು ಎಷ್ಟೋ ಸುಲಭ.

ಈಗ ಆಯ್ಕೆ. ನಿಮ್ಮ ವಯಸ್ಸಿಗೆ ಹತ್ತಿರದ ಪಾತ್ರ ತೆಗೆದುಕೊಳ್ಳಿ. ಲಿಯರ್ ದೊರೆ, ಲೇಡಿ ಮ್ಯಾಕ್‌ಬೆತ್ ಸದ್ಯಕ್ಕೆ ಬೇಡ. 'ರೋಮಿಯೋ ಆ್ಯಂಡ್ ಜೂಲಿಯೆಟ್' ನಾಟಕದ ಜೂಲಿಯೆಟ್‌ಗೆ ಇನ್ನೂ 14 ತುಂಬಿಲ್ಲ, ಅಂದರೆ ನಿಮಗಿಂತ ಚಿಕ್ಕವಳು. ಆದರೆ ಅವಳು ಬಾಲ್ಕನಿಯಲ್ಲಿ ನಿಂತು ಆಡುವ ಮಾತುಗಳನ್ನು ಬಿಟ್ಟುಬಿಡಿ. ಅವನ್ನು ಕೇಳಿ ಕೇಳಿ ನಮಗೇ ಬಾಯಿಪಾಠ ಆಗಿವೆ. 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕದ ಮೊದಲ ದೃಶ್ಯದ ಕೊನೆಗೆ ಹೆಲೆನಾ ಒಬ್ಬಳೇ ಆಡುವ ಮಾತಿದೆ. ಪ್ರೀತಿಸಿದವನು ಕೈಬಿಟ್ಟಿದ್ದಾನೆ, ಆ ಹೊಟ್ಟೆಕಿಚ್ಚಿನಲ್ಲಿ ಗೆಳತಿಯ ಗುಟ್ಟು ಬಿಟ್ಟುಕೊಡಲು ಹೊರಡುತ್ತಾಳೆ. 'ಆ್ಯಸ್ ಯು ಲೈಕ್ ಇಟ್'ನ ಫೀಬಿ ಒಬ್ಬ ಹುಡುಗನನ್ನು ಕಂಡರೆ ನನಗೇನೂ ಇಲ್ಲ ಅನ್ನುತ್ತಲೇ ಅವನ ಬಣ್ಣ, ತುಟಿ, ಕೆನ್ನೆ ಎಲ್ಲದರ ವರದಿ ಒಪ್ಪಿಸುತ್ತಾಳೆ. ಗಂಡು ಪಾತ್ರ ಬೇಕಿದ್ದರೆ 'ನಾಲ್ಕನೇ ಹೆನ್ರಿ'ಯ ಮೊದಲ ಭಾಗದಲ್ಲಿ ರಾಜಕುಮಾರ ಹ್ಯಾಲ್ ಇದ್ದಾನೆ. ಹೆಂಡದಂಗಡಿಯ ಗೆಳೆಯರು ಹೊರಹೋದಮೇಲೆ, ಇವರನ್ನೆಲ್ಲ ಒಂದು ದಿನ ದೂರ ಮಾಡುತ್ತೇನೆ ಅಂತ ತಣ್ಣಗೆ ಹೇಳಿಕೊಳ್ಳುತ್ತಾನೆ. ಹುಡುಗಿ ಹ್ಯಾಲ್‌ನ ಮಾತು ಆಡಬಾರದಾ? ಧಾರಾಳವಾಗಿ ಆಡಬಹುದು. ಶೇಕ್ಸ್‌ಪಿಯರ್‌ನ ಕಾಲದಲ್ಲಿ ಜೂಲಿಯೆಟ್ ಆಡಿದವರೂ ಹುಡುಗರೇ. ಆದರೂ ತಂಡದವರನ್ನು ಒಂದು ಮಾತು ಕೇಳಿಕೊಳ್ಳಿ.

ಇಲ್ಲಿ ಜಾಸ್ತಿ ಜನ ಎಡವುವುದು ಪದ್ಯ, ಗದ್ಯದ ವಿಷಯದಲ್ಲಿ. ಪದ್ಯ ಕೇಳಿದ್ದರೆ ಪದ್ಯವನ್ನೇ ತನ್ನಿ. 'ಟೂ ಜೆಂಟಲ್‌ಮೆನ್ ಆಫ್ ವೆರೋನಾ'ದಲ್ಲಿ ಲಾನ್ಸ್ ತನ್ನ ನಾಯಿಯನ್ನು ಬೈಯುವ ಮಾತು ಬಹಳ ಮಜವಾಗಿದೆ, ಆದರೆ ಅದು ಗದ್ಯ. ಕಂಡುಹಿಡಿಯುವುದು ಸುಲಭ. ಪದ್ಯವಾದರೆ ಪ್ರತಿ ಸಾಲೂ ದೊಡ್ಡಕ್ಷರದಿಂದ ಶುರುವಾಗಿ ಪುಟದ ಅಂಚಿಗೆ ಮುಂಚೆಯೇ ನಿಲ್ಲುತ್ತದೆ. ಗದ್ಯ ಅಂಚಿನವರೆಗೂ ಹರಿಯುತ್ತದೆ.

ನನ್ನನ್ನು ಕೇಳಿದರೆ ನಿಮಗೆ ವಯೋಲಾ ಸರಿ. 'ಟ್ವೆಲ್ಫ್ತ್ ನೈಟ್', ಎರಡನೇ ಅಂಕ, ಎರಡನೇ ದೃಶ್ಯ, ಸುಮಾರು 25 ಸಾಲು. ಸಮಯ ಮೀರುವುದಿಲ್ಲ. ವಯೋಲಾ ಗಂಡುವೇಷದಲ್ಲಿದ್ದಾಳೆ. ಒಡೆಯನ ಪ್ರೇಮಸಂದೇಶ ಹೊತ್ತು ಒಲಿವಿಯಾ ಹತ್ತಿರ ಹೋಗಿ ಬಂದಿದ್ದಾಳೆ. ಹಿಂದೆಯೇ ಒಲಿವಿಯಾಳ ಕಡೆಯವನೊಬ್ಬ ಬಂದು, ನೀನು ಬಿಟ್ಟುಹೋದ ಉಂಗುರ ತಗೋ ಅಂತ ಎಸೆದು ಹೋಗುತ್ತಾನೆ. ಇವಳು ಯಾವ ಉಂಗುರವನ್ನೂ ಬಿಟ್ಟಿರಲಿಲ್ಲ. ಮಾತು ಶುರುವಾಗುವುದು ಅಲ್ಲಿಂದ.

ಈ ಮಾತಿನ ಚೆಂದ ಅಂದರೆ ವಯೋಲಾಗೂ ಮೊದಲು ಏನೂ ಗೊತ್ತಿರುವುದಿಲ್ಲ. ಉಂಗುರ ಯಾಕೆ? ನನ್ನ ವೇಷಕ್ಕೆ ಮರುಳಾದಳಾ? ಆಮೇಲೆ ನೆನಪು ಮಾಡಿಕೊಳ್ಳುತ್ತಾಳೆ. ಹೌದು, ಎವೆಯಿಕ್ಕದೆ ನನ್ನನ್ನೇ ನೋಡುತ್ತಿದ್ದಳು, ಮಾತು ತಡವರಿಸುತ್ತಿತ್ತು. ಅಲ್ಲಿಂದ ಒಂದೆರಡು ಹೆಜ್ಜೆ ಮುಂದೆ ಹೋದಮೇಲೆ ತಟ್ಟನೆ ಹೊಳೆಯುತ್ತದೆ, ಅವಳು ಬಯಸುತ್ತಿರುವ ಗಂಡಸು ನಾನೇ. ಮರುಕ್ಷಣವೇ ಅವಳ ಮೇಲೆ ಅಯ್ಯೋ ಪಾಪ ಅನಿಸುತ್ತದೆ. ಮುಂದೆ ಇನ್ನೂ ಗೋಜಲು. ಒಡೆಯನಿಗೆ ಒಲಿವಿಯಾ ಬೇಕು, ನನಗೆ ಒಡೆಯ ಬೇಕು, ಒಲಿವಿಯಾಗೆ ನಾನು ಬೇಕು. ಕೊನೆಗೆ, ಈ ಗಂಟು ನನ್ನಿಂದ ಬಿಚ್ಚಲಾಗದು, ಕಾಲವೇ ಬಿಚ್ಚಲಿ ಅಂತ ಕೈಚೆಲ್ಲುತ್ತಾಳೆ. ಪ್ರತಿಯೊಂದು ಯೋಚನೆ ಆ ಗಳಿಗೆಯಲ್ಲೇ ಹುಟ್ಟಬೇಕು. ತುಂಬಾ ಜನ ಮೊದಲ ಸಾಲಿನಲ್ಲೇ ಎಲ್ಲ ಗೊತ್ತಿದ್ದವರ ಹಾಗೆ ದುಃಖದ ಮುಖ ಹೊತ್ತು ನಿಲ್ಲುತ್ತಾರೆ. ಆಮೇಲೆ ಕಂಡುಹಿಡಿಯಲು ಏನು ಉಳಿಯಿತು?

ಅದಕ್ಕೇ, ಬಾಯಿಪಾಠಕ್ಕೆ ಮೊದಲು ಪೆನ್ಸಿಲ್ ಹಿಡಿದು ಯೋಚನೆ ಬದಲಾಗುವ ಕಡೆಯೆಲ್ಲ ಅಡ್ಡಗೆರೆ ಹಾಕಿ. ಒಂದೊಂದು ತುಂಡನ್ನೂ ನಿಮ್ಮ ಮನೆಮಾತಿನಲ್ಲಿ ಹೇಳಿ ನೋಡಿ. ಹೇಳಲು ಬರದಿದ್ದರೆ ಅರ್ಥವಾಗಿಲ್ಲ ಅಂತಲೇ ಲೆಕ್ಕ, ಟಿಪ್ಪಣಿ ಇರುವ ಪುಸ್ತಕ ತೆರೆಯಿರಿ. ಆಮೇಲೆ ಎದ್ದು ಕೋಣೆಯಲ್ಲಿ ನಡೆಯುತ್ತಾ ಓದಿ. ಕಾಮಾ ಬರಲಿ, ಪ್ರಶ್ನಾರ್ಥಕ ಬರಲಿ, ಪ್ರತಿ ಚಿಹ್ನೆಗೂ ದಿಕ್ಕು ಬದಲಿಸಿ. ಸಾಲುಗಟ್ಟಲೆ ನೆಟ್ಟಗೆ ನಡೆಯುವ ಕಡೆ ಪಾತ್ರದ ತಲೆ ಶಾಂತವಾಗಿದೆ. ಎರಡು ಹೆಜ್ಜೆಗೊಮ್ಮೆ ತಿರುಗಬೇಕಾದ ಕಡೆ ಗಲಿಬಿಲಿ ಇದೆ. ವಯೋಲಾಳ ಮಾತಿನಲ್ಲಿ ಇದನ್ನು ಮಾಡಿದರೆ ಕಾಲಿಗೇ ಗೊತ್ತಾಗುತ್ತದೆ.

ಛಂದಸ್ಸಿಗೆ ಹೆದರಬೇಡಿ. ಶೇಕ್ಸ್‌ಪಿಯರ್‌ನ ಪದ್ಯದ ಛಂದಸ್ಸು ಐಯಾಂಬಿಕ್ ಪೆಂಟಾಮೀಟರ್. ಅಂದರೆ ಸಾಲಿಗೆ ಹತ್ತು ಸಿಲಬಲ್ (ಉಚ್ಚಾರದ ತುಂಡು), ಎರಡೆರಡರ ಐದು ಜೋಡಿ, ಜೋಡಿಯಲ್ಲಿ ಎರಡನೆಯದಕ್ಕೆ ಒತ್ತು. ಮನೆಯಲ್ಲಿ ಬೇಕಾದರೆ ತೊಡೆ ತಟ್ಟಿಕೊಂಡು ಹೇಳಿ, ಆಡಿಷನ್‌ನಲ್ಲಿ ಆ ತಾಳ ಕೇಳಿಸಕೂಡದು. ತಟ್ಟುವಾಗ ಎಲ್ಲಿ ಎಡವಿತು ಅಂತ ಮಾತ್ರ ಗುರುತಿಟ್ಟುಕೊಳ್ಳಿ. 'ಟು ಬಿ, ಆರ್ ನಾಟ್ ಟು ಬಿ' ಅಂತ ಶುರುವಾಗುವ ಹ್ಯಾಮ್ಲೆಟ್‌ನ ಅತಿ ಪ್ರಸಿದ್ಧ ಸಾಲಿನಲ್ಲೇ ಹತ್ತಲ್ಲ, ಹನ್ನೊಂದು ಸಿಲಬಲ್ ಇವೆ. ಇರಲಿ, ಅದರ ಮೇಲೆ ಪಂಡಿತರು ಬರೆದದ್ದನ್ನೆಲ್ಲ ಓದಲು ನಿಮಗೆ ಈಗ ಸಮಯ ಇಲ್ಲ.

ಇದೇ ಮಾತನ್ನು ದೊಡ್ಡ ನಟರು ಮಾಡಿದ ವಿಡಿಯೋಗಳು ಬೇಕಾದಷ್ಟು ಸಿಗುತ್ತವೆ. ದಯವಿಟ್ಟು ಆಡಿಷನ್ ಮುಗಿಯುವವರೆಗೆ ನೋಡಬೇಡಿ. ಅವರ ರಾಗ ಒಮ್ಮೆ ಕಿವಿಯಲ್ಲಿ ಕೂತರೆ ಬಿಡಿಸುವುದು ಕಷ್ಟ, ನಮಗೂ ಗೊತ್ತಾಗಿಬಿಡುತ್ತದೆ.

ಒಳಗೆ ಹೋದಮೇಲೆ ಹೆಸರು ಹೇಳಿ, ಪಾತ್ರ ಮತ್ತು ನಾಟಕದ ಹೆಸರು ಹೇಳಿ, ಒಂದು ಉಸಿರು ತೆಗೆದುಕೊಂಡು ಶುರು ಮಾಡಿ. ಉಂಗುರ ಗಿಂಗುರ ತರುವುದು ಬೇಡ. ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಆಡಬೇಡಿ, ನಾವು ಬರೆದುಕೊಳ್ಳಬೇಕು. ನಮ್ಮ ತಲೆಯಿಂದ ಸ್ವಲ್ಪ ಮೇಲೆ ನೋಡಿ. ಸಾಲು ಮರೆತರೆ ಸಾರಿ ಕೇಳದೆ ನಿಂತು, ನೆನಪಾದ ಕಡೆಯಿಂದ ಮುಂದುವರಿಸಿ. ಮಧ್ಯದಲ್ಲೇ ಸಾಕು ಅಂದರೆ ಅದು ಸಮಯದ ಲೆಕ್ಕ ಅಷ್ಟೇ.

ಅಸಲಿ ಆಡಿಷನ್ ಶುರುವಾಗುವುದೇ ಆಮೇಲೆ. ಚೆನ್ನಾಗಿತ್ತು, ಈಗ ಇದನ್ನೇ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರ ಆಗದ ಹಾಗೆ ಹೇಳಿ ಅನ್ನುತ್ತೇವೆ. ಅಥವಾ ನಗು ತಡೆಯಲಾಗದವರ ಹಾಗೆ. ಮೊದಲ ಸಲ ತಪ್ಪಾಯಿತು ಅಂತ ಇದರ ಅರ್ಥ ಅಲ್ಲ. ಕಂಚಿನ ಕಂಠದ ಹುಡುಗನೊಬ್ಬ ಹ್ಯಾಲ್ ಮಾಡಿದ್ದು ನೆನಪಿದೆ. ಗುಟ್ಟು ಹೇಳುವ ಹಾಗೆ ಮಾಡು ಅಂದರೆ ದನಿ ಮಾತ್ರ ಇಳಿಸಿದ. ಕೈ ಅಲ್ಲೇ ಏಳುತ್ತಿತ್ತು, ತಲೆ ಅದೇ ಪದಕ್ಕೆ ತಿರುಗುತ್ತಿತ್ತು. ಅದೇ ದಿನ ಸಣ್ಣ ದನಿಯ ಹೆಲೆನಾ ಒಬ್ಬಳು ಬಂದಿದ್ದಳು. ಜಗಳದಲ್ಲಿ ಗೆದ್ದವಳ ಹಾಗೆ ಹೇಳು ಅಂದಾಗ ನಾಲ್ಕನೇ ಸಾಲಿಗೆ ತಡವರಿಸಿ, 'ಇದು ಇಲ್ಲಿ ಹೊಂದುತ್ತಿಲ್ಲ ಅಲ್ವಾ' ಅಂತ ತನಗೇ ಹೇಳಿಕೊಂಡು, ಹಿಂದಿನ ಸಾಲಿಗೆ ಹೋಗಿ ಮತ್ತೆ ಹಿಡಿದಳು. ಅವಳನ್ನು ತೆಗೆದುಕೊಂಡೆವು. ಮನೆಯಲ್ಲಿ ಇದರ ಅಭ್ಯಾಸ ಸುಲಭ. ಗೆಳೆಯರಿಂದ ಚೀಟಿಗಳಲ್ಲಿ ಚಿತ್ರವಿಚಿತ್ರ ಸೂಚನೆ ಬರೆಸಿಕೊಳ್ಳಿ, ಒಂದೊಂದೇ ಎತ್ತಿ ಅದರಂತೆ ಮಾತು ಹೇಳಿ.

ಗುಂಪಿನ ಆಟಗಳೂ ಇರುತ್ತವೆ. ವೃತ್ತವಾಗಿ ನಿಂತು ಒಂದರಿಂದ 20ರವರೆಗೆ ಎಣಿಸುವುದು ಮಾಮೂಲಿ. ಸರದಿ ಇಲ್ಲ, ಸನ್ನೆ ಇಲ್ಲ, ಇಬ್ಬರು ಒಟ್ಟಿಗೆ ಅಂದರೆ ಮತ್ತೆ ಒಂದರಿಂದ. ಅಲ್ಲಿ ಮಿಂಚಲು ಹೋಗಬೇಡಿ, ಸುಮ್ನೆ ಕಿವಿಗೊಡಿ. ಶೇಕ್ಸ್‌ಪಿಯರ್‌ನ ನಟರಿಗೆ ಪೂರ್ತಿ ನಾಟಕದ ಪ್ರತಿ ಸಿಗುತ್ತಿರಲಿಲ್ಲ. ತಮ್ಮ ಮಾತು, ಅದಕ್ಕೆ ಮುಂಚಿನವರ ಕೊನೆಯ ಕೆಲವು ಪದ, ಅಷ್ಟೇ. ಕೇಳಿಸಿಕೊಳ್ಳದಿದ್ದರೆ ತಮ್ಮ ಮಾತು ಯಾವಾಗ ಅಂತಲೇ ಗೊತ್ತಾಗುತ್ತಿರಲಿಲ್ಲ. ಗ್ರೀಕ್ ನಾಟಕ ಆಡುವ ತಂಡವಾದರಂತೂ ಈ ಗುಣ ಇನ್ನೂ ಮುಖ್ಯ. ಪ್ರಾಚೀನ ಗ್ರೀಕ್ ನಾಟಕಕಾರ ಸೊಫೋಕ್ಲಿಸ್‌ನ ಮೇಳದಲ್ಲಿ (ಕೋರಸ್) 15 ಜನ ಇರುತ್ತಿದ್ದರು, ಎಲ್ಲರೂ ಒಂದೇ ಉಸಿರಿನಲ್ಲಿ ಹಾಡಿ ಕುಣಿಯಬೇಕಿತ್ತು. ಇನ್ನೊಬ್ಬರು ಮಾತು ಒಪ್ಪಿಸುವಾಗ ನೀವು ಮೂಲೆಯಲ್ಲಿ ತುಟಿ ಅಲುಗಿಸುತ್ತಾ ನಿಮ್ಮ ಸಾಲು ನೆನೆಯುತ್ತಿದ್ದರೆ ಅದೂ ನಮಗೆ ಕಾಣುತ್ತದೆ.

ಬ್ರಿಟಿಷ್ ಉಚ್ಚಾರಣೆ ಬೇಕಾ ಅಂತಲೂ ಕೇಳಿದ್ದೀರಿ. ಬೇಡ. ನೀವು ಅಂದುಕೊಂಡಿರುವ ಆ ಠೀವಿಯ ಬ್ರಿಟಿಷ್ ದನಿ ಹುಟ್ಟಿದ್ದೇ ಶೇಕ್ಸ್‌ಪಿಯರ್ ತೀರಿಕೊಂಡು ಎಷ್ಟೋ ಕಾಲದ ಮೇಲೆ. ನಿಮ್ಮ ದನಿಯಲ್ಲೇ ಹೇಳಿ, ಸಾಲಿನ ಕೊನೆಯ ಪದ ನುಂಗಬೇಡಿ.

ಅರ್ಜಿಯಲ್ಲಿ ತಾಲೀಮಿಗೆ ಬರಲಾಗದ ದಿನಗಳನ್ನು ಕೇಳಿರುತ್ತಾರೆ. ಪರೀಕ್ಷೆ, ಮನೆಯ ಮದುವೆ, ಏನಿದ್ದರೂ ಮೊದಲೇ ಬರೆದುಬಿಡಿ. ಆಯ್ಕೆಯಾದಮೇಲೆ ಹೇಳಿದರಾಯಿತು ಅಂತ ಮುಚ್ಚಿಟ್ಟವರಿಂದ ಪಾತ್ರ ವಾಪಸ್ ತೆಗೆದುಕೊಂಡಿದ್ದೂ ಇದೆ.