ಪಾಸ್ ಔಟ್ ಆದವರೆಲ್ಲ ಮೂರ್ಛೆ ಹೋದವರಲ್ಲ

ಮಾನ್ಯ ಸಂಪಾದಕರೇ,
ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕಳೆದ ತಿಂಗಳು ಬೆಂಗಳೂರಿನ ಕಂಪನಿಯೊಂದರ ಸಂದರ್ಶನದಲ್ಲಿ ‘ಐ ಪಾಸ್ಡ್ ಔಟ್ ಇನ್ 2021’ ಎಂದೆ. ‘ಹೌದೇ? ಯಾವ ಆಸ್ಪತ್ರೆಗೆ ಸೇರಿಸಿದರು?’ ಎಂದು ಒಬ್ಬರು ಕೇಳಿದರು. ಉಳಿದಿಬ್ಬರು ನಕ್ಕರು. ಆಮೇಲೆ ನನಗೆ ಮಾತೇ ಹೊರಡಲಿಲ್ಲ. ‘ಪಾಸ್ ಔಟ್’ಗೆ ನಿಜವಾದ ಅರ್ಥವೇನು? ಕನ್ನಡ ಮಾಧ್ಯಮದಲ್ಲಿ ಓದಿದ್ದರಿಂದಲೇ ನನಗೆ ಇದು ತಿಳಿಯಲಿಲ್ಲವೇ?
– ಓದುಗರೊಬ್ಬರು, ವಿಜಯನಗರ, ಬೆಂಗಳೂರು

ಸಂಪಾದಕರ ಉತ್ತರ:

ಸೋದರಿ, ನಿಮ್ಮ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲೆಯೇ ಇದೆ. ಮೊದಲ ಪ್ರಶ್ನೆಗೆ ನಾಲ್ಕು ಸಾಲು ಸಾಕಿತ್ತು. ಎರಡನೆಯ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ.

ನಕ್ಕವರ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ನೀವು ಹಾಗೆ ಹೇಳಿದರೆ, ಎಚ್ಚರ ತಪ್ಪಿ ಬಿದ್ದಿರೆಂದೇ ಕೇಳಿದವರು ತಿಳಿಯುತ್ತಾರೆ. ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವಾಗ ‘ಗ್ರ್ಯಾಜುಯೇಟೆಡ್’ ಎಂದೇ ಬರೆಯಿರಿ. ಅವರ ಪಾಲಿನ ನ್ಯಾಯ ಇಲ್ಲಿಗೆ ಸಂದಿತು.

ಆದರೆ ‘ಪಾಸ್ ಔಟ್’ಗೆ ಮೂರ್ಛೆಯೊಂದೇ ಅರ್ಥವೆಂದು ಅವರಿಗೆ ಯಾರು ಹೇಳಿದರು? ಬ್ರಿಟನ್ನಿನ ಸೇನೆಯಲ್ಲಿ ತರಬೇತಿ ಮುಗಿಸಿದವರು ಇಂದಿಗೂ ಪಾಸ್ ಔಟ್ ಆಗುತ್ತಾರೆ. ಡೆಹ್ರಾಡೂನಿನ ಸೇನಾ ಅಕಾಡೆಮಿಯಿಂದ ಹೊರಬರುವ ಅಧಿಕಾರಿಗಳದ್ದೂ ಪಾಸಿಂಗ್ ಔಟ್ ಪರೇಡೇ. ನಮ್ಮ ಪತ್ರಿಕೆಗಳು ಅದನ್ನು ‘ನಿರ್ಗಮನ ಪಥಸಂಚಲನ’ ಎಂದು ಬರೆಯುತ್ತ ಬಂದಿವೆ. ವರದಿಗಾರನಾಗಿದ್ದಾಗ ನಾನು ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ಅಂಥ ಪಥಸಂಚಲನ ನೋಡಲು ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ‘ನನ್ನ ಮಗ ಇವತ್ತು ಪಾಸ್ ಔಟ್’ ಎಂದರು. ಅದೇ ಹೊತ್ತಿಗೆ ಎರಡನೆಯ ಸಾಲಿನ ಹುಡುಗನೊಬ್ಬ ಬಿಸಿಲಿಗೆ ಬವಳಿ ಬಂದು ಕುಸಿದ. ಇಬ್ಬರು ಬಂದು ಅವನನ್ನು ನೆರಳಿಗೆ ಎತ್ತಿಕೊಂಡು ಹೋದರು. ಇಂಗ್ಲಿಷಿನಲ್ಲಿ ಅವನೂ ಪಾಸ್ ಔಟ್ ಆದವನೇ. ಆ ತಾಯಿಯ ಮಾತಿಗೆ ಮಾತ್ರ ಮೈದಾನದಲ್ಲಿ ಯಾರೂ ನಗಲಿಲ್ಲ.

ಇದರ ಕೀಲು ಇರುವುದು ‘ಔಟ್’ನಲ್ಲಿ. ಒಂದು ಕಡೆ ಅದು ಹೊರಗೆ. ಶಾಲೆಯಿಂದ, ಕವಾಯತಿನ ಮೈದಾನದಿಂದ ಹೊರಗೆ. ಇನ್ನೊಂದು ಕಡೆ ದೀಪ ಆರುವುದು. ಮೂರ್ಛೆಯ ಔಟ್ ಈ ಜಾತಿಯದು. ಅಮೆರಿಕದ ತರಗತಿಯಲ್ಲಿ ಮೇಷ್ಟರು ಪ್ರಶ್ನೆಪತ್ರಿಕೆಗಳನ್ನು ಪಾಸ್ ಔಟ್ ಮಾಡಿದರೆ ಹಂಚಿದರು ಎಂದು ಅರ್ಥ. ಕನ್ನಡದಲ್ಲಿ ನಾವು ಹೊರಬೀಳುತ್ತೇವೆ, ಆರಿಹೋಗುತ್ತೇವೆ, ಹಂಚಿಬಿಡುತ್ತೇವೆ. ‘2021ರಲ್ಲಿ ತೇರ್ಗಡೆಯಾಗಿ ಹೊರಬಂದೆ’ ಎಂದು ಹೇಳಿ ನೋಡಿ. ಪಾಸೂ ಅದರಲ್ಲಿದೆ, ಔಟೂ ಅದರಲ್ಲಿದೆ. ನಿಮ್ಮ ಇಂಗ್ಲಿಷ್ ವಾಕ್ಯದಲ್ಲಿ ಅರ್ಥ ಕೆಟ್ಟಿರಲಿಲ್ಲ. ಈ ದೇಶದ ಕಾಲೇಜುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತನ್ನೇ ನೀವು ಆಡಿದಿರಿ.

ಇಂಥ ಕ್ರಿಯಾಪದಗಳು ಹೊರಗಿನವರಿಗೆ ಕಷ್ಟವೆಂಬುದನ್ನು ಇಂಗ್ಲಿಷರೇ ಒಪ್ಪಿದ್ದಾರೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ನಿಘಂಟನ್ನು ಹೊರತಂದಾಗ, ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಕ್ರಿಯಾಪದಕ್ಕೆ ‘ಔಟ್’ನಂಥ ಬಾಲ ಸೇರಿ ಅರ್ಥ ಬದಲಾಗುವ ಜಾಗವೇ ಎಂದು ಮುನ್ನುಡಿಯಲ್ಲಿ ಬರೆದರು. ಟೇಕ್ ಆಫ್, ಸೆಟ್ ಆಫ್, ಫಾಲ್ ಆಫ್ ಎಂದು ಉದಾಹರಣೆಗಳನ್ನೂ ಕೊಟ್ಟರು. ಅವರ ಕಾಲದಲ್ಲಿ ‘ಟೇಕ್ ಆಫ್’ ಎಂದರೆ ಅನುಕರಿಸುವುದು. ವಿಮಾನ ಏರಲು ಇನ್ನೂ ನೂರೈವತ್ತು ವರ್ಷವಾಗಬೇಕಿತ್ತು. ಬಾಲವಿರುವ ಈ ಕ್ರಿಯಾಪದಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ನೆಲೆಯೂರಿದ್ದು 1925ರಲ್ಲಿ, ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಅವರಿಂದ. ಹೆಸರು ಇಷ್ಟು ತಡವಾಗಿ ಬಂದರೂ ಜನ ಶತಮಾನಗಳಿಂದ ಅವನ್ನು ಆಡುತ್ತಲೇ ಇದ್ದರು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸುತ್ತೇನೆ, ಹಿರಿಯನೆಂದು ಸಹಿಸಿಕೊಳ್ಳಿ. ಕನ್ನಡ ಮಾಧ್ಯಮದಲ್ಲಿ ಓದಿದ್ದು ನಿಮ್ಮ ಕೊರತೆ ಎಂದು ನೀವೇ ಬರೆದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಫ್ರೇಸಲ್ ವರ್ಬಿನ ಮರ್ಮ ನಿಮಗೆ ತೊಟ್ಟಿಲಿನಿಂದಲೇ ಗೊತ್ತು.

ಕಳೆದ ವಾರ ಗಾಂಧಿ ಬಜಾರಿನಲ್ಲಿ ಹೂವು ಕೊಳ್ಳುತ್ತ ನಿಂತಿದ್ದೆ. ಮಲ್ಲಿಗೆ ಮಾರುವ ಹೆಂಗಸು ಒಬ್ಬ ಗಿರಾಕಿಗೆ ‘ಮೊಳಕ್ಕೆ ಐದು ರೂಪಾಯಿ ಬಿಟ್ಟುಕೊಡುತ್ತೇನೆ’ ಎಂದಳು. ಬಾಡಿದ ಮಾಲೆಯನ್ನು ಮುಟ್ಟಿದವರಿಗೆ ‘ಅದನ್ನು ಬಿಟ್ಟುಹಾಕಿ, ಬೇರೆ ಕೊಡುತ್ತೇನೆ’ ಎಂದಳು. ನನ್ನ ಬಳಿ ಚಿಲ್ಲರೆ ಇರಲಿಲ್ಲ; ‘ಬಿಟ್ಟುಬಿಡಿ, ನಾಳೆ ಕೊಡಿ’ ಎಂದಳು. ನಾನು ನಾಲ್ಕು ಹೆಜ್ಜೆ ನಡೆದಿದ್ದೆ, ಹಿಂದಿನಿಂದ ಕೂಗಿದಳು: ‘ಸ್ವಾಮಿ, ಚೀಲ ಬಿಟ್ಟುಹೋಗುತ್ತಿದ್ದೀರಿ!’ ಒಂದೇ ‘ಬಿಡು’, ಐದು ನಿಮಿಷದಲ್ಲಿ ನಾಲ್ಕು ಬಾಲ, ನಾಲ್ಕು ಅರ್ಥ. ಅವಳಿಗೆ ಯಾವ ಮೇಷ್ಟರೂ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿಲ್ಲ. ‘ನೋಡು’ವಿಗೆ ‘ಕೊಳ್ಳು’ ಸೇರಿಸಿ. ‘ಮಗುವನ್ನು ನೋಡಿಕೊಳ್ಳುತ್ತೇನೆ’ ಎಂದರೆ ಅಕ್ಕರೆ. ‘ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂದು ಹಲ್ಲು ಕಡಿದರೆ ಬೆದರಿಕೆ. ಇಂಗ್ಲಿಷರು ‘ಲುಕ್’ಗೆ ‘ಆಫ್ಟರ್’ ಸೇರಿಸಿ ಪಡೆದ ಅರ್ಥವನ್ನು ನಮ್ಮವರು ‘ಕೊಳ್ಳು’ ಸೇರಿಸಿ ಪಡೆದರು. ಇಷ್ಟು ಸೂಕ್ಷ್ಮ ಬಲ್ಲ ನಾಲಿಗೆಗೆ ಗಿವ್ ಅಪ್, ಗಿವ್ ಇನ್, ಗಿವ್ ಅವೇಗಳ ವ್ಯತ್ಯಾಸ ಹಿಡಿಯುವುದು ದೊಡ್ಡ ಕೆಲಸವಲ್ಲ. ಈ ದಾರಿಯಲ್ಲಿ ಕಲಿಸುವವರಿಲ್ಲ, ಅಷ್ಟೇ. ಮೂವತ್ತು ದಿನದಲ್ಲಿ ಇಂಗ್ಲಿಷ್ ಎಂದು ಫಲಕ ಹಾಕಿಕೊಂಡವರು ಕನ್ನಡವನ್ನು ಬಾಗಿಲ ಹೊರಗೇ ನಿಲ್ಲಿಸಿ ಪಾಠ ಶುರು ಮಾಡುತ್ತಾರೆ.

ನನ್ನ ಸಂಕಟ ಇನ್ನೂ ಒಂದಿದೆ. ನಿಮ್ಮ ಪತ್ರ ಬಂದ ವಾರವೇ ಬ್ಯಾಂಕೊಂದರಿಂದ ನನ್ನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಬಂತು: ‘ನಮ್ಮ ತಂಡ ಶೀಘ್ರದಲ್ಲೇ ನಿಮಗೆ ಹಿಂತಿರುಗುತ್ತದೆ.’ ‘ಗೆಟ್ ಬ್ಯಾಕ್ ಟು ಯೂ’ ಎಂಬುದನ್ನು ಪದಕ್ಕೆ ಪದ ಇಟ್ಟು ಕನ್ನಡವಾಗಿಸಿದ್ದಾರೆ. ‘ಮತ್ತೆ ತಿಳಿಸುತ್ತೇವೆ’ ಎಂಬ ಎರಡು ಪದ ಆ ಕಚೇರಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಎಷ್ಟು ಜನಕ್ಕೆ ಹೋಗಿರಬಹುದು ಆ ಸಂದೇಶ! ಅದನ್ನು ಬರೆದವರನ್ನು ಯಾರೂ ಮೂವರ ಎದುರು ಕೂರಿಸಿ ನಗಲಿಲ್ಲ, ಯಾರ ಕೆಲಸವೂ ಹೋಗಲಿಲ್ಲ. ಈ ಬೆಂಗಳೂರಿನಲ್ಲಿ ಇಂಗ್ಲಿಷಿನ ಒಂದು ತಪ್ಪಿಗೆ ಹುಡುಗಿಯೊಬ್ಬಳ ಬಾಯಿ ಕಟ್ಟುತ್ತದೆ. ಕನ್ನಡದ ತಪ್ಪಿಗೆ ಯಾರೂ ಒಂದು ಕ್ಷಮೆಯನ್ನೂ ಕೇಳುವುದಿಲ್ಲ. ಪ್ರೊ. ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂಶಯಗಳನ್ನು ಬಿಡಿಸಿದರು. ಎಷ್ಟು ಸಣ್ಣ ಪ್ರಶ್ನೆಯಾದರೂ ಮರ್ಯಾದೆಯಿಂದ ಉತ್ತರಿಸುತ್ತಿದ್ದರು. ನೀವು ಪದವಿ ಮುಗಿಸಿದ 2021ರಲ್ಲೇ, ತಮ್ಮ 107ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ನಿಮ್ಮ ಎದುರು ಕುಳಿತಿದ್ದ ಮೂವರಿಗೆ ಅವರ ಒಂದು ಅಂಕಣವನ್ನಾದರೂ ಓದಿಸಬೇಕಿತ್ತು ಎನಿಸುತ್ತದೆ.

ಮುಂದಿನ ಸಂದರ್ಶನದಲ್ಲಿ ‘ಗ್ರ್ಯಾಜುಯೇಟೆಡ್’ ಎನ್ನಿ. ಮರೆತು ‘ಪಾಸ್ ಔಟ್’ ಎಂದೇ ಬಾಯಿಗೆ ಬಂದರೆ, ಯಾರಾದರೂ ನಕ್ಕರೆ, ಸೇನೆಯ ಪಥಸಂಚಲನದ ಮಾತು ಹೇಳಿ ನಿಮ್ಮ ಉತ್ತರ ಮುಂದುವರಿಸಿ. ಹಾಗೆಯೇ ನನಗೊಂದು ಉಪಕಾರ ಮಾಡಿ. ಈ ಸಲ ಊರಿಗೆ ಹೋದಾಗ ಒಂದು ದಿನವಿಡೀ ನಿಮ್ಮ ತಾಯಿಯವರ ಮಾತಿಗೆ ಕಿವಿಗೊಟ್ಟು, ಅವರು ಆಡುವ ‘ಕೊಳ್ಳು’, ‘ಬಿಡು’, ‘ಹಾಕು’ಗಳನ್ನು ವಾಕ್ಯಸಮೇತ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೊಂದು ಪುಟ ಎತ್ತಿಟ್ಟಿದ್ದೇನೆ.